ಸೆಲ್ವಿ ಇಟ್ಟ ಸೈರನ್ನು

ಹೋದ ಆಷಾಢದಲ್ಲಿ ನಮ್ಮ ಮನೆಯ ಮಿಕ್ಸಿ ಮುಷ್ಕರ ಹೂಡಿತು. ಚಟ್ನಿಗೆ ಕಾಯಿ ಹಾಕಿ ಸ್ವಿಚ್ ತಿರುಗಿಸಿದರೆ ಒಂದು ಸಲ ಗೊರ್ ಎಂದು ಸುಮ್ಮನಾಯಿತು. ಅದನ್ನು ಚೀಲಕ್ಕೆ ತುಂಬಿಕೊಂಡು, ಕೊಡೆ ಹಿಡಿದು, ಗೋಪಾಳದಿಂದ ಸವಳಂಗ ರಸ್ತೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಮಿಕ್ಸಿಯ ಹೊಟ್ಟೆ ಬಿಚ್ಚಿ, ಮೂಸಿ ನೋಡಿ, "ಥಂಡಿ ಹಿಡಿದಿದೆ ಅಮ್ಮ, ಸ್ವಲ್ಪ ಕಾಯಿಸಿ ನೋಡ್ತೀನಿ" ಎಂದ. ಮೋಟಾರನ್ನು ಒಂದು ರಟ್ಟಿನ ಡಬ್ಬದೊಳಗಿಟ್ಟು, ಅದರೊಳಕ್ಕೆ ಹಳೇ ಕಾಲದ ಹಳದಿ ಬಲ್ಬೊಂದನ್ನು ಇಳಿಬಿಟ್ಟು ಹೊತ್ತಿಸಿದ. ಸ್ವಲ್ಪ ಹೊತ್ತಿಗೆ ಡಬ್ಬದಿಂದ ಬಿಸಿಯಾದ ಧೂಳಿನ ವಾಸನೆ ಎದ್ದಿತು. ಜೊತೆಗೆ ತಾಮ್ರದ ತಂತಿಯ ವಾರ್ನಿಶ್, ಒದ್ದೆ ರಟ್ಟು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮಳೆ ನೋಡುತ್ತಾ ನಿಂತೆ. ಎದುರು ಸಾಲಿನಲ್ಲಿ, ಈಗ ರೆಡಿಮೇಡ್ ಬಟ್ಟೆ ಅಂಗಡಿ ಇರುವ ಕಟ್ಟಡದ ಮಹಡಿಯ ಮೇಲೆ ನಾನು ಒಂದು ಮಳೆಗಾಲವಿಡೀ ಆ ವಾಸನೆಯನ್ನೇ ಉಸಿರಾಡಿದ್ದೆ. ಸೆಲ್ವಿ ಜೊತೆಗಿದ್ದಳು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಅವಳ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ, ಅಂದು ಮಳೆಯ ಸದ್ದಿನಲ್ಲಿ ಒಮ್ಮೆ ಹೇಳಿ ನೋಡಿದೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ಶಿವಮೊಗ್ಗದಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟಿಕೊಂಡಿದ್ದ ಕಾಲ. ಡಿಗ್ರಿ ಮುಗಿಸಿ ಕೆಲಸವಿಲ್ಲದವರು, ಮದುವೆ ಗೊತ್ತಾಗುವವರೆಗೆ ಏನಾದರೂ ಕಲಿಯಲಿ ಎಂದು ಮನೆಯವರು ಕಳಿಸಿದವರು, ಎಲ್ಲರೂ ಬರುತ್ತಿದ್ದರು. ನಮ್ಮದು ಪ್ರಭಾಕರ ಎನ್ನುವವರು ನಡೆಸುತ್ತಿದ್ದ ಸಣ್ಣ ತರಬೇತಿ ಕೇಂದ್ರ. ಅಲ್ಲಿ ಪಾಠ ಹೇಳುವವರು ನಾವಿಬ್ಬರೇ, ನಾನು ಮತ್ತು ಸೆಲ್ವಿ. ನಾನು ಬಾಯಿಜೋರಿನ ಗಿರಿಜಾ ಮೇಡಂ ಎಂದು ಹೆಸರಾದವಳು. ತಪ್ಪು ಮಾಡಿದವರಿಗೆ ಮಂಗಳಾರತಿ ಎತ್ತದೆ ಬಿಟ್ಟವಳಲ್ಲ. ಸೆಲ್ವಿ ಅದಕ್ಕೆ ತದ್ವಿರುದ್ಧ. ಯಾರು ಏನು ಕೆಡಿಸಿದರೂ "ಇರಲಿ ಬಿಡು, ನೋಡಣ" ಎಂದು ಸ್ಕ್ರೂಡ್ರೈವರ್ ಹಿಡಿದು ಕೂರುವವಳು.

ಅವಳ ಊರು ಭದ್ರಾವತಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವಳ ಅಪ್ಪ ಆರುಮುಗಂ ಅಲ್ಲಿನ ದೊಡ್ಡ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದವರಲ್ಲ. ಊರ ಹೊರಗಿನ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವವರು. ತಾಯಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಬೆಳಗಿನ ಬಸ್ಸಿಗೆ ಸೆಲ್ವಿ ಬಂದಿಳಿದು, ನಾನು ಬರುವಷ್ಟರಲ್ಲಿ ಕಂಪ್ಯೂಟರುಗಳ ಮುಚ್ಚಳ ತೆಗೆದು ಒಂದೊಂದರೊಳಗೂ ಬಲ್ಬು ಇಳಿಬಿಟ್ಟಿರುತ್ತಿದ್ದಳು. ಮಳೆಗಾಲದಲ್ಲಿ ಹಾಗೆ ಕಾಯಿಸದಿದ್ದರೆ ನಮ್ಮ ಮಷಿನ್‌ಗಳು ಏಳುತ್ತಿರಲಿಲ್ಲ. ಮಬ್ಬುಗತ್ತಲ ಕೋಣೆಯಲ್ಲಿ ಸಾಲಾಗಿ ಉರಿಯುವ ಆ ಬಲ್ಬುಗಳನ್ನು ನೋಡಿ, "ಏನ್ ಮಾರಾಯ್ತಿ, ಕೋಳಿಮರಿ ಸಾಕಕ್ಕೆ ಇಟ್ಟಿದ್ದೀಯಾ?" ಎಂದು ನಾನು ರೇಗಿಸುತ್ತಿದ್ದೆ.

ಆ ವರ್ಷ ಪ್ರಭಾಕರ ಸರ್‌ಗೆ ಒಂದು ಗುತ್ತಿಗೆ ಸಿಕ್ಕಿತು. ಸುತ್ತಲಿನ ಶಾಲೆಗಳಿಗೆ ಯಾವುದೋ ಕಚೇರಿಗಳಿಂದ ಹಳೆಯ ಕಂಪ್ಯೂಟರುಗಳು ದಾನವಾಗಿ ಬಂದಿದ್ದವು. ಅವಕ್ಕೆಲ್ಲ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡಬೇಕು. ಕಳ್ಳ ಪ್ರತಿ ಹಾಕಿದರೆ ಹಿಡಿಯುತ್ತಾರೆ ಎಂಬ ಸುದ್ದಿ ಹಬ್ಬಿದ್ದರಿಂದ, ಯಾರು ಬೇಕಾದರೂ ಬಳಸಬಹುದಾದ ಲಿನಕ್ಸ್ ಹಾಕುವುದೆಂದು ತೀರ್ಮಾನವಾಯಿತು. ಅದರ ಸಿಡಿ ಕಂಪ್ಯೂಟರ್ ಪತ್ರಿಕೆಯ ಜೊತೆಗೇ ಬರುತ್ತಿತ್ತು. ತೊಂದರೆಯೆಂದರೆ ಅದನ್ನು ಮಷಿನ್‌ಗೆ ಇಳಿಸುವ ಪ್ರೋಗ್ರಾಂ, ಅಂದರೆ ಇನ್‌ಸ್ಟಾಲರ್, ನಮ್ಮ ಹಳೇ ಡಬ್ಬಗಳನ್ನು ಕಂಡರೆ ಮುಖ ತಿರುಗಿಸುತ್ತಿತ್ತು. ಒಂದರಲ್ಲಿ ಮೌಸ್ ಹುಡುಕುತ್ತಾ ಹುಡುಕುತ್ತಾ ಅಲ್ಲೇ ಸತ್ತು ಬೀಳುತ್ತಿತ್ತು. ಇನ್ನೊಂದರಲ್ಲಿ ಹಾರ್ಡ್‌ಡಿಸ್ಕ್ ಕಣ್ಣೆದುರಿಗಿದ್ದರೂ ಇಲ್ಲ ಎನ್ನುತ್ತಿತ್ತು. ಇಷ್ಟರ ಮೇಲೆ ಹೆಣ್ಣು ನೋಡಲು ಬಂದವರ ಹಾಗೆ ಮುಗಿಯದಷ್ಟು ಪ್ರಶ್ನೆ.

ನಾನಾಗಿದ್ದರೆ ಆ ಸಿಡಿಯನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದೆ. ಸೆಲ್ವಿ ಇನ್‌ಸ್ಟಾಲರ್‌ನ ಒಳಗಿನ ಬರಹವನ್ನೇ ತೆರೆದು ಕೂತಳು. ಅದು ಯಾರು ಬೇಕಾದರೂ ಓದಿ ತಿದ್ದಬಹುದಾದ ಬರಹ. ಒಂದೊಂದು ಸಾಲು ಓದಿ, ಮೌಸ್ ಹುಡುಕುವ ಭಾಗವನ್ನು ಕಿತ್ತುಹಾಕಿ, ಬೇಡದ ಪ್ರಶ್ನೆಗಳನ್ನು ಕಡಿದು, ಮತ್ತೆ ಕಟ್ಟಿ, ಫ್ಲಾಪಿಗೆ ಹಾಕಿ ಓಡಿಸಿ ನೋಡುವಳು. ಎಲ್ಲಿ ನಿಂತಿತೋ ಅಲ್ಲಿಂದ ಮತ್ತೆ ಓದುವಳು. ಮುಖವನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದಳು. ನಾನು ಅದನ್ನು ಶ್ರದ್ಧೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಮೋಡ ಕವಿದು ಕೋಣೆಯೆಲ್ಲ ಕತ್ತಲಾಗಿತ್ತು. ನಾನು ಅವಳ ಎಡಪಕ್ಕದಲ್ಲೇ ನಿಂತು ಕಾಫಿ ಲೋಟ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. "ಹಿಡ್ಕೊಳೇ, ಕೈ ಸುಡ್ತಿದೆ" ಎಂದೆ. ಅವಳು ತಲೆಯನ್ನು ಪೂರ್ತಿ ನನ್ನ ಕಡೆ ತಿರುಗಿಸಿ, ಲೋಟ ಎಲ್ಲಿದೆಯೆಂದು ಹುಡುಕಿದಳು. ನಾನು ನಗಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ಸಂಜೆ ಬಸ್ಸಿನ ಬೋರ್ಡು ಯಾವಾಗಲೂ ನನ್ನಿಂದಲೇ ಓದಿಸುತ್ತಿದ್ದದ್ದು, ರಸ್ತೆಯಲ್ಲಿ ಪಕ್ಕದಿಂದ ಕೈಬೀಸಿದರೆ ನೋಡದೆ ಹೋಗುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

"ಅಕ್ಕ, ಕೂತ್ಕೊಳಿ" ಎಂದಳು ಸೆಲ್ವಿ. "ನನಗೆ ಚಿಕ್ಕಂದಿನಿಂದ ಇರುಳುಗಣ್ಣು. ಈಗ ಹಗಲೂ ಹೋಗ್ತಿದೆ. ಪೈಪಿನೊಳಗಿಂದ ನೋಡಿದ ಹಾಗೆ, ಎದುರಿಗಿರೋದು ಮಾತ್ರ ಕಾಣ್ತದೆ. ಆ ಪೈಪೂ ಸಣ್ಣ ಆಗ್ತಾ ಬರ್ತಿದೆ."

"ಡಾಕ್ಟರು?"

"ಔಷಧಿ ಇಲ್ಲ ಅಂದ್ರು. ಇನ್ನೊಂದು ವರ್ಷವೋ, ಅದಕ್ಕೂ ಮುಂಚೆಯೋ. ಸರ್‌ಗೆ ಹೇಳಬೇಡಿ ಅಕ್ಕ. ಅಪ್ಪನ ಫೌಂಡ್ರೀಲಿ ಕೆಲಸ ಸರಿಯಾಗಿ ಇಲ್ಲ. ನಾನೂ ಮನೇಲಿ ಕೂತ್ರೆ ಒಲೆ ಹೊತ್ತಲ್ಲ."

ಇಪ್ಪತ್ತಾರರ ಹುಡುಗಿ. ಅಳಲಿಲ್ಲ. ಅತ್ತವಳು ನಾನು. ಅದೂ ಸಿಟ್ಟಿನಿಂದ, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟಿನಿಂದ. ಅವಳು ನನ್ನ ಅಳು ಮುಗಿಯುವವರೆಗೆ ಕಾದು, ತನ್ನ ಯೋಚನೆ ಹೇಳಿದಳು. ಪರದೆ ನೋಡದೆ ನಡೆಸಬಹುದಾದ ಹಾಗೆ ಇನ್‌ಸ್ಟಾಲರ್ ಅನ್ನು ಬದಲಿಸುವುದು. ಯಾವ ಹಂತದಲ್ಲಿದೆ, ಏನು ಕೇಳುತ್ತಿದೆ, ಸರಿಯಾಯಿತೋ ಕೆಟ್ಟಿತೋ, ಎಲ್ಲ ಕಿವಿಗೆ ತಿಳಿಯಬೇಕು. ಕಣ್ಣು ಇರುವಾಗಲೇ ಅದನ್ನು ಮುಗಿಸಿಬಿಟ್ಟರೆ, ಕಣ್ಣು ಹೋದ ಮೇಲೂ ಈ ಕೆಲಸವೊಂದು ಕೈಯಲ್ಲಿ ಉಳಿಯುತ್ತದೆ. ಅವಳ ಲೆಕ್ಕ ಇಷ್ಟೇ ಇತ್ತು, ಅದರ ಮೇಲೆಯೇ ಎರಡು ಜೀವ ನಿಂತಿದ್ದವು.

ಮಾತನಾಡುವ ಪ್ರೋಗ್ರಾಂಗಳು ಆಗಲೂ ಇದ್ದವು. ಆದರೆ ಆ ಹಳೇ ಮಷಿನ್‌ಗಳನ್ನು ಫ್ಲಾಪಿಯಿಂದಲೇ ಎಬ್ಬಿಸಬೇಕಿತ್ತು, ಫ್ಲಾಪಿಯಲ್ಲಿ ಮಾತು ಹಿಡಿಸುವಷ್ಟು ಜಾಗವಿರಲಿಲ್ಲ. ಉಳಿದದ್ದು ಕ್ಯಾಬಿನೆಟ್ಟಿನೊಳಗೆ ಪೀಂ ಎನ್ನುವ ನಾಣ್ಯದಗಲದ ಸ್ಪೀಕರ್ ಮಾತ್ರ. "ಪೀಂ ಪೀಂನಲ್ಲಿ ಏನ್ ಹೇಳ್ತೀಯೇ, ಪೋಸ್ಟಾಫೀಸಿನ ತಂತೀನಾ?" ಎಂದು ಕೇಳಿದೆ. ಸೆಲ್ವಿ ನಕ್ಕಳು. ಭದ್ರಾವತಿಯಲ್ಲಿ ಹುಟ್ಟಿದವರಿಗೆ ಅದನ್ನು ಕಲಿಸಬೇಕಾಗಿಲ್ಲ ಎಂದಳು. ಅವರ ಬೀದಿಯಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಫೌಂಡ್ರಿಯ ಸೈರನ್ ಕೇಳಿ ಒಲೆ ಹಚ್ಚುವರು, ಸೈರನ್ ಕೇಳಿ ಬುತ್ತಿ ಕಟ್ಟುವರು, ಹೊತ್ತಲ್ಲದ ಹೊತ್ತಿನಲ್ಲಿ ತುಂಡು ತುಂಡಾಗಿ ಊದಿದರೆ ಅಪಘಾತವೆಂದು ಗೇಟಿಗೆ ಓಡುವರು.

ಅದನ್ನೇ ಅವಳು ಇನ್‌ಸ್ಟಾಲರ್‌ನೊಳಗೆ ಕೂರಿಸಿದಳು. ಮಷಿನ್ ಎದ್ದಾಗ ತಗ್ಗಿನಿಂದ ಮೇಲಕ್ಕೇರುವ ಒಂದು ಉದ್ದ ಕೂಗು, ಬೆಳಗಿನ ಶಿಫ್ಟಿನದು. ಹಾರ್ಡ್‌ಡಿಸ್ಕ್ ಸಿಕ್ಕರೆ ಎರಡು ಗಿಡ್ಡ ಸದ್ದು. ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸುವ ಮುನ್ನ ತುಂಡು ತುಂಡಾದ ಅಪಘಾತದ ಕೂಗು. ಅಲ್ಲಿ ಬರೀ ಎಂಟರ್ ಒತ್ತಿದರೆ ಮುಂದೆ ಹೋಗದು, ಒಂದು ಪದವನ್ನೇ ಟೈಪ್ ಮಾಡಬೇಕು. ಫೈಲುಗಳು ಇಳಿಯುವಾಗ ಟಿಕ್ ಟಿಕ್ ಟಿಕ್. ಎಲ್ಲ ಮುಗಿದ ಮೇಲೆ, ಮೇಲಿನಿಂದ ಮೆಲ್ಲನೆ ಇಳಿದುಬರುವ ಉದ್ದ ಕೂಗು. ಅದು ಶಿಫ್ಟು ಮುಗಿದದ್ದಕ್ಕೆ.

ಆಷಾಢ ಕಳೆದು ಶ್ರಾವಣ ಬಂತು. ಮಳೆ ನಿಲ್ಲಲಿಲ್ಲ, ನಾವೂ ನಿಲ್ಲಿಸಲಿಲ್ಲ. ಕ್ಲಾಸು ಮುಗಿದ ಮೇಲೆ ನಾನು ವೇಲಿನಿಂದ ಕಣ್ಣು ಕಟ್ಟಿಕೊಂಡು ಪರೀಕ್ಷೆಗೆ ಕೂರುತ್ತಿದ್ದೆ. ಎಲ್ಲೋ ಒಂದು ಕಡೆ ಏನು ಒತ್ತಬೇಕೆಂದು ತಿಳಿಯದೆ ನಾನು ಕೂಗಾಡಿದರೆ, ಸೆಲ್ವಿ "ಅಲ್ಲಿ ಇನ್ನೊಂದು ಸದ್ದು ಬೇಕು" ಎಂದು ತಿದ್ದುತ್ತಿದ್ದಳು. ನನ್ನ ಬೈಗುಳವೇ ಅವಳಿಗೆ ದಾರಿದೀಪ. ಒಂದು ಸದ್ದು ಸೇರಿಸಿದರೆ ಫ್ಲಾಪಿ ತುಂಬುತ್ತಿತ್ತು; ಯಾವುದೋ ದೂರದೇಶದ ಕೀಬೋರ್ಡಿನ ವಿವರ ಅಳಿಸಿ ಜಾಗ ಮಾಡುತ್ತಿದ್ದಳು. ಹಾಗೆ ಎಷ್ಟು ದೇಶಗಳನ್ನು ಮುಲಾಜಿಲ್ಲದೆ ಹೊರಹಾಕಿದೆವೋ.

ಅಷ್ಟರಲ್ಲಿ ಕಣ್ಣಿನ ವಿಷಯ ಮುಚ್ಚಿಡುವ ಹಾಗಿರಲಿಲ್ಲ. ಮೆಟ್ಟಿಲಲ್ಲಿ ಎಡವಿ ಬಿದ್ದಳು. ಪ್ರಭಾಕರ ಸರ್ ಕರೆದು ಕೇಳಿದರು, ಅವಳು ಹೇಳಿದಳು. ಅವರು ಕೆಟ್ಟ ಮನುಷ್ಯರಲ್ಲ, ವ್ಯಾಪಾರದ ಮನುಷ್ಯ. ಬಹಳ ಹೊತ್ತು ಮೇಜಿನ ಮೇಲೆ ಪೆನ್ನು ಕುಟ್ಟುತ್ತಾ ಕೂತಿದ್ದು, "ನೋಡಮ್ಮ, ಯಾರ ಸಹಾಯಾನೂ ಇಲ್ಲದೆ ಒಂದು ಮಷಿನ್‌ಗೆ ಪೂರ್ತಿ ಇನ್‌ಸ್ಟಾಲ್ ಮಾಡಿ ತೋರಿಸು. ಶಾಲೆ ಕೆಲಸ ಎಲ್ಲಾ ನಿಂದೇ. ಕಣ್ಣಿನ ಮಾತು ನಾನು ಎತ್ತಲ್ಲ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಗಿರಿಜಾ ಮೇಡಂ, ನೀವು ಬಾಯಿ ಬಿಡಬಾರದು" ಎಂದರು. ನನ್ನ ಬಾಯಿಯ ಪರಿಚಯ ಅವರಿಗಿತ್ತು.

ಆ ದಿನ ಬಂತು. ಬೆಳಗಿನಿಂದ ಜಡಿಮಳೆ. ಪ್ರಭಾಕರ ಸರ್, ನಾನು, ಐದಾರು ವಿದ್ಯಾರ್ಥಿಗಳು ಅವಳ ಹಿಂದೆ ನಿಂತೆವು. ಸೆಲ್ವಿ ತಾನಾಗಿಯೇ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡಳು. ಬೆಳಗಿನ ಶಿಫ್ಟಿನ ಕೂಗು ಏರಿತು. ಡಿಸ್ಕ್ ಸಿಕ್ಕಿತು. ಅಪಘಾತದ ಕೂಗು ಬಂದಾಗ ತಡವರಿಸದೆ ಪದ ಟೈಪ್ ಮಾಡಿದಳು. ಟಿಕ್ ಟಿಕ್ ಶುರುವಾಯಿತು. ಅವಳು ಕೈಕಟ್ಟಿ ಹಿಂದಕ್ಕೊರಗಿದಳು. ತುಟಿಯ ಮೇಲೆ ಸಣ್ಣ ನಗು. ಪ್ರಭಾಕರ ಸರ್ ತಲೆದೂಗಿ ಚಹಾ ತರಿಸಿದರು.

ಚಹಾ ಅರ್ಧ ಕುಡಿಯುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಚೌಕವೊಂದು ಮೂಡಿತು. ಥಂಡಿಗೆ ಸಿಡಿ ಡ್ರೈವ್ ಕೈಕೊಟ್ಟಿತ್ತು. ಓದಲಾಗುತ್ತಿಲ್ಲ, ಇನ್‌ಸ್ಟಾಲೇಶನ್ ನಿಂತಿದೆ ಎಂದು ಅದರಲ್ಲಿ ಬರೆದಿತ್ತು. ಆದರೆ ಟಿಕ್ ಟಿಕ್ ನಿಲ್ಲಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು, ಅವಳೊಬ್ಬಳನ್ನು ಬಿಟ್ಟು. ಅವಳು ಅದೇ ನಗುವಿನಲ್ಲಿ, ಆ ಟಿಕ್ ಟಿಕ್‌ಗೆ ಬೆರಳಿನಿಂದ ತಾಳ ಹಾಕುತ್ತಾ ಕೂತಿದ್ದಳು. ನಾನು ಸರ್ ಮುಖ ನೋಡಿದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ನನ್ನ ಜೀವಮಾನದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅಷ್ಟು ಕಷ್ಟವಾದದ್ದು ಇನ್ನೊಂದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸೆಲ್ವಿಯ ಬೆರಳು ನಿಂತಿತು. ಕೈ ಚಾಚಿ ಕ್ಯಾಬಿನೆಟ್ಟಿನ ಮೇಲೆ ಅಂಗೈ ಊರಿದಳು. ಡಿಸ್ಕ್ ಕೆಲಸ ಮಾಡುತ್ತಿದ್ದರೆ ತಗಡು ಅದುರುತ್ತದೆ. ಅದುರುತ್ತಿರಲಿಲ್ಲ. ಮುಖದಿಂದ ನಗು ಇಳಿದುಹೋಯಿತು.

"ಇದು ನಿಂತು ತುಂಬಾ ಹೊತ್ತಾಯ್ತು, ಅಲ್ವಾ ಅಕ್ಕ?" ಎಂದಳು.

ಸರ್ "ಗಣಪತಿ ಹಬ್ಬ ಕಳೀಲಿ, ಇನ್ನೊಂದ್ ಸಲ ನೋಡೋಣ" ಎಂದು ಎದ್ದು ಹೋದರು. ಸೆಲ್ವಿ ಕರವಸ್ತ್ರ ಬಿಚ್ಚಲಿಲ್ಲ. ಅದು ಒದ್ದೆಯಾಗಿತ್ತು.

ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಇಲ್ಲ. ಭಾನುವಾರ ನಾನು ಭದ್ರಾವತಿ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಾಗ ಮಳೆ ಬಿಟ್ಟು ಎಳೆಬಿಸಿಲು ಬಂದಿತ್ತು. ಅವರ ಮನೆ ಹೆಂಚಿನ ಸಾಲುಮನೆಗಳಲ್ಲೊಂದು. ಆರುಮುಗಂ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಕೈ ಮೊಣಕೈವರೆಗೆ ಕಿಡಿ ಹಾರಿ ಸುಟ್ಟ ಚುಕ್ಕೆಗಳು. "ವಾಂಗ ಟೀಚರಮ್ಮ" ಎಂದು ಎದ್ದು ಜಾಗ ಬಿಟ್ಟರು. "ಮಗು ಊಟ ಸರಿಯಾಗಿ ಮಾಡ್ತಿಲ್ಲಮ್ಮ. ನೀವಾದ್ರೂ ಬೈರಿ" ಎಂದರು. ಅವರಿಗೂ ನನ್ನ ಕೀರ್ತಿ ತಲುಪಿತ್ತು.

ಒಳಗೆ ಸೆಲ್ವಿ ಗೋಡೆಗೊರಗಿ ಕೂತಿದ್ದಳು. ನಾನು ಬೈದೆ, ಸಮಾಧಾನ ಮಾಡಿದೆ, ಮತ್ತೆ ಬೈದೆ. ಅವಳು ಎಲ್ಲಕ್ಕೂ ಹೂಂ ಎಂದಳು. ಅಷ್ಟರಲ್ಲಿ ದೂರದಿಂದ ಫೌಂಡ್ರಿಯ ಸೈರನ್ ಕೂಗಿತು. ಆರುಮುಗಂ ಬುತ್ತಿ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

"ಭಾನುವಾರಾನೂ ಕೆಲಸವಾ?" ಎಂದು ಕೇಳಿದೆ.

"ಕೆಲಸ ಎಲ್ಲಿದೆ ಟೀಚರಮ್ಮ? ಕುಲುಮೆ ತಣ್ಣಗಾಗಿ ತಿಂಗಳು ಮೇಲಾಯ್ತು. ಕಬ್ಬಿಣ ಬರ್ತಿಲ್ಲ. ವಾಚ್‌ಮನ್ ಇದ್ದಾನೆ, ಅವನು ಊದ್ತಾನೆ. ಊದಿದ್ರೆ ಮನೇಲಿ ಕೂರಕ್ಕೆ ಆಗಲ್ಲ, ಹೋಗಿ ಗೇಟಲ್ಲಿ ನಿಂತು ಬರ್ತೀನಿ" ಎಂದು ಅವರು ನಡೆದರು. ಹೇಳುವಾಗ ನಗಲು ನೋಡಿದರು, ಆಗಲಿಲ್ಲ.

ಸೆಲ್ವಿ ಬಾಗಿಲ ಕಡೆ ಮುಖ ಮಾಡಿ ಅಪ್ಪನ ಚಪ್ಪಲಿಯ ಸದ್ದು ಮರೆಯಾಗುವವರೆಗೂ ಕೇಳಿಸಿಕೊಂಡಳು. ಆಮೇಲೆ, "ಅಕ್ಕ, ನಾನೂ ಅದನ್ನೇ ಮಾಡಿದೀನಿ" ಎಂದಳು. "ಟಿಕ್ ಟಿಕ್ ಮಾಡಕ್ಕೆ ಬೇರೆ ಒಂದು ವಾಚ್‌ಮನ್ ಇಟ್ಟಿದೀನಿ. ಫೈಲ್ ಇಳಿಸೋದು ಒಂದು ಕಡೆ, ಸದ್ದು ಮಾಡೋದು ಇನ್ನೊಂದು ಕಡೆ. ಒಳಗೆ ಕೆಲಸ ಸತ್ತಿದ್ರೂ ಅವನ ಪಾಡಿಗೆ ಅವನು ಊದ್ತಾ ಇರ್ತಾನೆ." ಅವಳ ದನಿ ಒಡೆಯಿತು. "ಅಪ್ಪಂಗೆ ದಿನಾ ಹಿಂಗೇ ಆಗ್ತದೆ ಅಕ್ಕ. ನನಗೆ ಒಂದಿನಕ್ಕೇ ತಡಕೊಳಕ್ಕೆ ಆಗಲಿಲ್ಲ."

ಅಂದು ಅವಳು ನನ್ನ ಮಡಿಲಲ್ಲಿ ತಲೆಯಿಟ್ಟು ಮನಸಾರೆ ಅತ್ತಳು. ಸೋಮವಾರ ಬೆಳಗಿನ ಬಸ್ಸಿಗೆ ಬಂದಳು.

ಬೇರೆ ನಿಂತು ಸದ್ದು ಮಾಡುತ್ತಿದ್ದ ತುಂಡನ್ನು ಕಿತ್ತು ಬಿಸಾಡಿದಳು. ಈಗ ಫೈಲನ್ನು ಇಳಿಸುವ ಸಾಲೇ, ಒಂದು ಫೈಲು ಸರಿಯಾಗಿ ಇಳಿದ ಮೇಲೆ, ಒಂದು ಟಿಕ್ ಅನ್ನಬೇಕು. ಕೆಲಸ ಮಾಡುವವನೇ ಸದ್ದು ಮಾಡಬೇಕು. ಕೆಲಸ ನಿಂತರೆ ಸದ್ದೂ ನಿಲ್ಲಬೇಕು. ಟಿಕ್‌ಗಳು ಮೊದಲಿನ ಹಾಗೆ ಸಮವಾಗಿ ಬರುತ್ತಿರಲಿಲ್ಲ. ಸಣ್ಣ ಫೈಲುಗಳಾದರೆ ಪಟಪಟ, ದೊಡ್ಡದಾದರೆ ಬಹಳ ಹೊತ್ತು ಮೌನ. ಕೇಳಲು ಚೆಂದವಿರಲಿಲ್ಲ. ಸುಳ್ಳು ಹೇಳುತ್ತಿರಲಿಲ್ಲ, ಅಷ್ಟೇ.

ಗಣಪತಿ ಹಬ್ಬ ಕಳೆದು ಎರಡನೇ ಸಲ ಎಲ್ಲರೂ ಸೇರಿದೆವು. ಆ ಹೊತ್ತಿಗೆ ಅವಳಿಗೆ ಕರವಸ್ತ್ರದ ಅಗತ್ಯ ಹೆಚ್ಚೇನೂ ಇರಲಿಲ್ಲ. ನಡುವೆ ಸಿಡಿ ಡ್ರೈವ್ ಮತ್ತೆ ಮೊಂಡು ಹಿಡಿಯಿತು. ಟಿಕ್ ನಿಂತಿತು. ಸೆಲ್ವಿ ಬೆರಳು ಎತ್ತಿಕೊಂಡು ಕಾದಳು, ನಿಂತೇ ಇದೆ ಎಂದು ಖಾತ್ರಿಯಾದ ಮೇಲೆ ಸಿಡಿ ಹೊರತೆಗೆದು, ಒರೆಸಿ, ಬಲ್ಬಿನ ಕಾವಿಗೆ ಹಿಡಿದು, ಮತ್ತೆ ಹಾಕಿ ಒಂದು ಕೀ ಒತ್ತಿದಳು. ಟಿಕ್ ಎಂದಿತು. ಮತ್ತೆ ಟಿಕ್. ಕೊನೆಗೆ ಮೇಲಿನಿಂದ ಇಳಿಯುತ್ತಾ ಆ ಉದ್ದ ಕೂಗು ಬಂದಾಗ ಪ್ರಭಾಕರ ಸರ್ ಚಪ್ಪಾಳೆ ತಟ್ಟಿದರು. ನಾನು ಬಾಯಿ ಬಿಟ್ಟೆ. ಏನೇನು ಕೂಗಿದೆನೋ, ಕೆಳಗಿನ ಅಂಗಡಿಯವರು ಏನಾಯಿತೆಂದು ಮೇಲೆ ಬಂದು ನೋಡಿದರು.

ಮೊದಲ ಶಾಲೆ ಮಲವಗೊಪ್ಪದ ಹತ್ತಿರದ್ದು. ಪ್ರಭಾಕರ ಸರ್, ಸೆಲ್ವಿ, ನಾನು ಹೋದೆವು. ಕಣ್ಣು ಕಾಣದ ಹುಡುಗಿ ಕಂಪ್ಯೂಟರಿಗೆ ಜೀವ ಕೊಡುತ್ತಾಳೆಂದು ಮಕ್ಕಳೆಲ್ಲ ಕಿಟಕಿಗೆ ಮುತ್ತಿದರು. ಸೆಲ್ವಿ ಮೊದಲ ಮಷಿನ್ ಮಾಡಿದಳು. ಅಲ್ಲಿನ ಒಬ್ಬ ಟೀಚರು ಪಕ್ಕದಲ್ಲೇ ಕೂತು ಆಸೆಯಿಂದ ನೋಡುತ್ತಿದ್ದರು. "ನಾನೂ ಮಾಡ್ಲಾ?" ಎಂದು ಕೇಳಿದರು. ಕಂಪ್ಯೂಟರನ್ನು ಅಂದೇ ಮೊದಲ ಸಲ ಮುಟ್ಟಿದವರು. ಸೆಲ್ವಿ ಸಂತೋಷದಿಂದ ಹೇಳಿಕೊಟ್ಟಳು: ಈ ಸದ್ದಿಗೆ ಇದು, ಆ ಸದ್ದಿಗೆ ಅದು. ಆ ಟೀಚರು ಎರಡನೆಯ ಮಷಿನ್ ಹಚ್ಚಿ, ನಡುವೆ ಎದ್ದು ಹೋಗಿ ಒಂದು ಪಾಠವನ್ನೂ ಮಾಡಿ, ಕೊನೆಯ ಕೂಗು ಕೇಳಿ ಓಡಿಬಂದು ಮುಗಿಸಿಯೇಬಿಟ್ಟರು.

"ಅರೆ, ಇದನ್ನ ಯಾರು ಬೇಕಾದ್ರೂ ಮಾಡಬಹುದಲ್ಲ!" ಎಂದರು ಪ್ರಭಾಕರ ಸರ್. ಹೊಗಳಿಕೆಯಾಗಿಯೇ ಹೇಳಿದ್ದು. ಸೆಲ್ವಿಯೂ ಹೊಗಳಿಕೆಯೆಂದೇ ತೆಗೆದುಕೊಂಡು ನಾಚಿಕೊಂಡಳು. ನನಗೆ ಮಾತ್ರ, ಹಾಗಾದರೆ ಇವಳೇ ಏಕೆ ಬೇಕು ಎಂದು ಸರ್‌ಗೆ ನಾಳೆ ಅನ್ನಿಸೀತೆಂಬ ಅನುಮಾನ ಹುಟ್ಟಿತು.

ನನ್ನ ಅನುಮಾನ ಸುಳ್ಳಾಗಲಿಲ್ಲ. ಫ್ಲಾಪಿ, ಸಿಡಿಗಳ ಪ್ರತಿ ತೆಗೆಸಿದರು. ನಮ್ಮ ವಿದ್ಯಾರ್ಥಿಗಳನ್ನೇ ಇಬ್ಬಿಬ್ಬರಂತೆ ಶಾಲೆಗಳಿಗೆ ಅಟ್ಟಿದರು. ಅವರು ಫ್ಲಾಪಿ, ಸಿಡಿ ಹಾಕಿ, ಆ ಒಂದು ಪದ ಟೈಪ್ ಮಾಡಿ, ಜಗಲಿಯಲ್ಲಿ ಕೂತು ಹರಟೆ ಹೊಡೆಯುವರು. ಕೊನೆಯ ಕೂಗು ಬಂದರೆ "ಶಿಫ್ಟ್ ಮುಗೀತು ಕಣ್ರೋ" ಎಂದು ನಗುತ್ತಾ ಒಳಗೆ ಹೋಗುವರು. ಸೆಲ್ವಿಯನ್ನು ಬಸ್ಸು ಹತ್ತಿಸಿ ಇಳಿಸಿ ಕರೆದೊಯ್ಯಲು ಒಬ್ಬರು ಬೇಕು. ಹಾಗೆ ಕರೆದೊಯ್ಯುವವರೇ ಆ ಕೆಲಸವನ್ನೂ ಮಾಡಬಲ್ಲರು. ನೋಡದೆಯೂ ಮಾಡುವಂತೆ ಅವಳು ಹಗುರಮಾಡಿದ ಕೆಲಸಕ್ಕೆ ಕಣ್ಣಿದ್ದವರು ಯಾರಾದರೂ ಸಾಕಿತ್ತು. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು.

ನಾನು ಜಗಳ ಕಾದೆ. "ಮಾತು ಕೊಟ್ಟಿದ್ರಿ ಸರ್" ಎಂದೆ. ಅವರು ತಲೆ ತಗ್ಗಿಸಿ, "ಶಾಲೆ ಕೆಲಸವೇ ಮುಗೀತಾ ಬಂತಲ್ಲ ಮೇಡಂ. ಇಷ್ಟು ಬೇಗ ಮುಗಿಯುತ್ತೆ ಅಂತ ಯಾರು ಅಂದ್ಕೊಂಡಿದ್ರು?" ಎಂದರು. ಅದೂ ನಿಜ. ಬೇಗ ಮುಗಿಯುವಂತೆ ಮಾಡಿದ್ದೂ ಅವಳೇ. ದೀಪಾವಳಿ ಕಳೆದ ಮೇಲೆ ಅವಳು ಬರುವುದು ಬೇಡವೆಂದಾಯಿತು. ಸರ್‌ಗೆ ಮನಸ್ಸು ಚುಚ್ಚಿರಬೇಕು, ನಮ್ಮಲ್ಲಿದ್ದ ಅತಿ ಹಳೆಯ ಮಷಿನ್ ಒಂದನ್ನು ಅವಳಿಗೆ ಕೊಟ್ಟು ಕಳಿಸಿದರು.

ಭದ್ರಾವತಿ ಬಸ್ಸಿನ ಬೋರ್ಡನ್ನು ಕೊನೆಯ ಸಲ ಅವಳಿಗೆ ನಾನೇ ಓದಿ ಹೇಳಿದೆ. ಕಿಟಕಿಯ ಪಕ್ಕ ಕೂರಿಸಿ, ಕಂಪ್ಯೂಟರಿನ ಪೆಟ್ಟಿಗೆಗಳನ್ನು ಕಾಲ ಬಳಿ ಇಟ್ಟೆ. "ಯಾರು ಬೇಕಾದ್ರೂ ಮಾಡೋ ಹಾಗಾಗಿದೆ ಅಂದ್ರೆ ಕೆಲಸ ಚೆನ್ನಾಗಾಗಿದೆ ಅಂತ ಅಲ್ವಾ ಅಕ್ಕ?" ಎಂದು ಕೇಳಿದಳು. ನಾನು ಹೌದೆಂದೆ. ಬಸ್ಸು ಹೊರಟ ಮೇಲೆ ಅಲ್ಲೇ ನಿಂತು, ಕಂಡಕ್ಟರನಿಂದ ಹಿಡಿದು ದೇವರವರೆಗೆ ಎಲ್ಲರಿಗೂ ಬೈದೆ.

ಮರುವರ್ಷದ ಬೇಸಿಗೆಯಲ್ಲಿ ಅಪ್ಪ ಮಗಳು ಸೇಲಂ ಕಡೆಯ ನೆಂಟರ ಊರಿಗೆ ಹೋದರು. ವಿಳಾಸ ಸಿಗಲಿಲ್ಲ. ಆಮೇಲೆ ಏನಾದರೋ ನನಗೆ ತಿಳಿಯದು. ನನ್ನಲ್ಲಿ ಉಳಿದಿರುವುದು ಅದಕ್ಕೂ ಮುಂಚೆ, ಸಂಕ್ರಾಂತಿ ಮುಗಿದ ಮೇಲೆ ಎಳ್ಳುಬೆಲ್ಲ ತೆಗೆದುಕೊಂಡು ಹೋಗಿದ್ದ ಒಂದು ಭೇಟಿ.

ಫೌಂಡ್ರಿ ಅಷ್ಟರಲ್ಲಿ ಬಾಗಿಲು ಹಾಕಿತ್ತು. ವಾಚ್‌ಮನ್ನನನ್ನೂ ಕಳಿಸಿದ್ದರು, ಸೈರನ್ ನಿಂತುಹೋಗಿತ್ತು. ಆರುಮುಗಂ ಅದೇ ಕಟ್ಟೆಯ ಮೇಲೆ ಕೂತಿದ್ದರು. ಸೆಲ್ವಿ ಒಳಗೆ ಚಾಪೆಯ ಮೇಲೆ, ಆ ಹಳೇ ಮಷಿನ್ ಮುಂದೆ. ಪರದೆ ಹಚ್ಚಿರಲಿಲ್ಲ, ಇನ್ನು ಅದು ಯಾರಿಗೆ ಬೇಕು. ಮುಚ್ಚಳ ತೆಗೆದ ಕ್ಯಾಬಿನೆಟ್ಟಿನೊಳಗೆ ಬಲ್ಬು ಉರಿಯುತ್ತಿತ್ತು. ಅದೇ ವಾಸನೆ. ನನ್ನ ಹೆಜ್ಜೆ ಕೇಳಿ "ಗಿರಿಜಕ್ಕ" ಎಂದಳು. ನಾನು ಅವಳ ಕೈಗೆ ಎಳ್ಳುಬೆಲ್ಲ ಕೊಟ್ಟೆ. ಮಷಿನ್ ಟಿಕ್ ಎಂದಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಿಕ್.

"ಯಾವ ಶಾಲೆದು ಇದು?" ಎಂದು ಆಸೆಯಿಂದ ಕೇಳಿದೆ.

"ಯಾವ ಶಾಲೆದೂ ಅಲ್ಲ. ಇದೇ ಮಷಿನ್ನಿಗೆ ಹಾಕ್ತಿದೀನಿ."

"ಕೆಟ್ಟಿತ್ತಾ?"

"ಇಲ್ಲ ಅಕ್ಕ. ನೆನ್ನೆ ಹಾಕಿದ್ದು ಚೆನ್ನಾಗೇ ಇತ್ತು. ಬೆಳಿಗ್ಗೆ ಎಲ್ಲಾ ಅಳಿಸ್ತೀನಿ, ಮತ್ತೆ ಮೊದಲಿಂದ ಹಾಕ್ತೀನಿ. ಇದು ನಿಧಾನ, ಮಧ್ಯಾಹ್ನದವರೆಗೂ ಆಗ್ತದೆ." ಬೆರಳು ಕ್ಯಾಬಿನೆಟ್ಟಿನ ಮೇಲೆಯೇ ಇತ್ತು. "ದಿನಾ ಮಾಡ್ತೀನಿ. ನಾಳೆ ಯಾರಾದ್ರೂ ಕರೆದ್ರೆ, ಕೈ ಮರೆತಿರಬಾರದಲ್ಲ."

ಬಾಯಿಜೋರಿನವಳು ಎಂಬ ಹೆಸರು ಹೊತ್ತ ನಾನು ಅವಳ ಪಕ್ಕ ಗೋಡೆಗೊರಗಿ ಕೂತು, ಬಿಟ್ಟು ಬಿಟ್ಟು ಬರುವ ಆ ಸದ್ದನ್ನು ಕೇಳಿದೆ. ಕಟ್ಟೆಯ ಮೇಲಿದ್ದ ಆರುಮುಗಂ ಅವರೂ ಬೀದಿಯ ಕಡೆ ನೋಡುತ್ತಾ ಕೇಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಬಿಸಿಲು ಹೊಸ್ತಿಲ ಹತ್ತಿರ ಬಂದಾಗ ಮಷಿನ್ನು ಉದ್ದನೆ ಕೂಗಿತು, ಮೇಲಿನಿಂದ ಮೆಲ್ಲನೆ ಇಳಿಯುತ್ತಾ. ಆರುಮುಗಂ ಎದ್ದು ಬಂದು, ಹಿತ್ತಲಿನ ಬಚ್ಚಲಿನಲ್ಲಿ ಕಬ್ಬಿಣದ ಮಸಿ ಹತ್ತಿದವರ ಹಾಗೆ ಮೊಣಕೈವರೆಗೂ ಸೋಪು ಹಚ್ಚಿ ತಿಕ್ಕಿ ಕೈ ತೊಳೆದರು. "ಶಿಫ್ಟ್ ಮುಗೀತು ಟೀಚರಮ್ಮ, ಊಟಕ್ಕೆ ಬನ್ನಿ" ಎಂದರು. ಸೆಲ್ವಿ ಸಿಡಿ ಹೊರತೆಗೆದು, ಸೆರಗಿನಿಂದ ಎರಡೂ ಬದಿ ಒರೆಸಿ, ನಾಳೆಗೆಂದು ಕವರಿನಲ್ಲಿಟ್ಟಳು.